ಹೊರಳು ಬಿಲ್ಲೆಯ ಆಯ್ಕೆ

ಈ ತಿಂಗಳು ನಮ್ಮ ಮೇಜಿಗೆ ಬಂದ ಓಲೆಗಳಲ್ಲಿ ಒಂದು ಸಮುದ್ರದಾಚೆಯದು. ಕ್ಯಾಲಿಫೋರ್ನಿಯಾದಲ್ಲಿ ಸಂಸಾರಸಮೇತರಾಗಿ ನೆಲಸಿರುವ ಕನ್ನಡಿಗರೊಬ್ಬರು ಬರೆಯುತ್ತಾರೆ: ಭಾನುವಾರ ಬಂದಿತೆಂದರೆ ಮನೆಮಂದಿಯೆಲ್ಲ ಊರಿನ ಉದ್ಯಾನಕ್ಕೆ ಹೋಗಿ ಡಿಸ್ಕ್ ಗಾಲ್ಫ್ ಎಂಬ ಆಟವನ್ನು ಆಡುವುದುಂಟಂತೆ. ಕಾಲೇಜಿನಲ್ಲಿ ಓದುವ ಮಗನ ಬಿಲ್ಲೆ ಹಕ್ಕಿಯಂತೆ ಹಾರಿಹೋಗುತ್ತದೆ. ತಂದೆಯದೂ ತಾಯಿಯದೂ ಹೊರಟ ಸ್ವಲ್ಪ ಹೊತ್ತಿಗೆಲ್ಲ ಎಡಕ್ಕೆ ಮುರಿದುಕೊಂಡು ಪೊದೆ ಸೇರುತ್ತದೆ. ಮನೆಯಾಕೆ ಮೂರು ವಾರ ಆಡಿ, ನಾಲ್ಕನೆಯ ವಾರದಿಂದ ಬುತ್ತಿಯ ಚೀಲವನ್ನು ಕಾಯುವ ಕೆಲಸವನ್ನು ವಹಿಸಿಕೊಂಡರಂತೆ. ಅಂಗಡಿಯಲ್ಲಿ ವಿಚಾರಿಸಿದರೆ, ‘ಅಂಡರ್‌ಸ್ಟೇಬಲ್ ಮಿಡ್‌ರೇಂಜ್ ಒಂದನ್ನು ಕೊಳ್ಳಿ’ ಎನ್ನುತ್ತಾರೆ. ಆದರೆ ಗೋಡೆಯ ತುಂಬ ಬಣ್ಣಬಣ್ಣದ ಬಿಲ್ಲೆಗಳು, ಒಂದೊಂದರ ಮೇಲೂ ನಾಲ್ಕು ಅಂಕೆಗಳು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಅವರ ಪ್ರಶ್ನೆ.

ಪ್ರಶ್ನೆ ಬಿಲ್ಲೆಯನ್ನು ಕುರಿತುದಾದರೂ ನಮ್ಮ ಮನಸ್ಸಿಗೆ ನಾಟಿದ್ದು ಬುತ್ತಿಯ ಚೀಲದ ಮಾತು. ಪಗಡೆ, ಚೌಕಾಬಾರಗಳಲ್ಲಿ ಅಜ್ಜಿಗೂ ಮೊಮ್ಮಗನಿಗೂ ಕವಡೆ ಒಂದೇ ಬಗೆಯಾಗಿ ಬೀಳುತ್ತದೆ. ಬಯಲಿನ ಆಟಗಳಲ್ಲಿ ಹಾಗಲ್ಲ. ಅಲ್ಲಿ ತೋಳಿನ ಬಲ ಮುಂದಾಗುತ್ತದೆ. ಬಲ ಸಾಲದವರು ಒಂದು ಬದಿಗೆ ಕುಳಿತು ನೋಡುವವರಾಗುತ್ತಾರೆ. ಮನೆಯವರೆಲ್ಲ ಕೂಡಿ ಬಯಲಿನಲ್ಲಿ ಆಡಬಹುದಾದ ಕೆಲವೇ ಆಟಗಳಲ್ಲಿ ಇದೊಂದು. ಹಾಗಿದ್ದೂ ಮನೆಯಾಕೆ ಆಟವನ್ನು ಬಿಟ್ಟರೆಂದರೆ, ದೋಷವು ಆಕೆಯ ತೋಳಿನಲ್ಲಿ ಇರುವುದಕ್ಕಿಂತ ಆಕೆಯ ಕೈಗೆ ಕೊಟ್ಟ ಬಿಲ್ಲೆಯಲ್ಲಿರುವ ಸಂಭವವೇ ಹೆಚ್ಚು. ಆದಕಾರಣ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಹೇಳುತ್ತೇವೆ. ಈ ಆಟವನ್ನು ಕಂಡರಿಯದ ವಾಚಕರು ಬೇಸರಿಸದೆ ನಾಲ್ಕು ಮಾತು ಕೇಳಬೇಕು.

ಗಾಲ್ಫ್ ಆಟದಲ್ಲಿ ಚೆಂಡು, ಕೋಲು, ಕುಳಿ ಇರುವಂತೆ ಇಲ್ಲಿ ಬಿಲ್ಲೆ, ಕೈ, ಬುಟ್ಟಿ. ನಿಗದಿಯಾದ ಸ್ಥಳದಿಂದ ಬಿಲ್ಲೆಯನ್ನು ಎಸೆಯುವುದು, ಅದು ಬಿದ್ದೆಡೆಯಿಂದ ಮತ್ತೆ ಎಸೆಯುವುದು, ಕೊನೆಗೆ ಕಬ್ಬಿಣದ ಕಂಬಕ್ಕೆ ಸರಪಣಿಗಳನ್ನು ಇಳಿಬಿಟ್ಟು ಕೆಳಗೆ ಕಟ್ಟಿರುವ ಬುಟ್ಟಿಯಲ್ಲಿ ಅದನ್ನು ಬೀಳಿಸುವುದು. ಹೀಗೆ ಒಂಬತ್ತೋ ಹದಿನೆಂಟೋ ಬುಟ್ಟಿಗಳನ್ನು ಮುಗಿಸಬೇಕು. ಯಾರ ಎಸೆತಗಳು ಕಡಮೆಯೋ ಅವರು ಗೆದ್ದಂತೆ. ಈ ಆಟಕ್ಕೆಂದೇ ಏರ್ಪಟ್ಟ ಮೊದಲ ಶಾಶ್ವತವಾದ ಬಯಲು 1975ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಸೀಮೆಯ ಓಕ್ ಗ್ರೋವ್ ಉದ್ಯಾನದಲ್ಲಿ ಸಿದ್ಧವಾಯಿತು. ಅದನ್ನು ಏರ್ಪಡಿಸಿದವರು ಎಡ್ ಹೆಡ್ರಿಕ್ ಎಂಬವರು. ಫ್ರಿಸ್ಬಿ ಎಂಬ ಹಾರುತಟ್ಟೆಯನ್ನು ಮಾರುತ್ತಿದ್ದ ವ್ಯಾಮ್-ಓ ಕಂಪೆನಿಯಲ್ಲಿದ್ದು ಆ ತಟ್ಟೆಯ ರೂಪವನ್ನು ತಿದ್ದಿ ಪೇಟೆಂಟು ಪಡೆದವರೂ, ಸರಪಣಿಯ ಬುಟ್ಟಿಗೆ 1977ರಲ್ಲಿ ಪೇಟೆಂಟು ಪಡೆದವರೂ ಅವರೇ. 2002ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕಿನೊಡನೆ ಬೆರೆಸಿ ಬಿಲ್ಲೆಗಳನ್ನೇ ಅಚ್ಚುಹಾಕಿದರು! ಆಟದ ಹುಚ್ಚು ಎಂದರೆ ಹಾಗಿರಬೇಕು.

ನಮ್ಮ ಬೆಂಗಳೂರಿನಲ್ಲಿ ತರುಣತರುಣಿಯರು ಅಲ್ಟಿಮೇಟ್ ಎಂಬ ಆಟವನ್ನು ಆಡುವಾಗ ಬಳಸುವ ದೊಡ್ಡ ಬಿಳಿಯ ತಟ್ಟೆಯನ್ನು ಅನೇಕರು ನೋಡಿರಬಹುದು. ಅದು 175 ಗ್ರಾಂ ತೂಗುತ್ತದೆ, ಅಡ್ಡಳತೆ ಸುಮಾರು 27 ಸೆಂಟಿಮೀಟರು. ಹಿಡಿಯುವುದಕ್ಕೆ ಸುಖ, ಹಾರುವುದು ನಿಧಾನ. ಡಿಸ್ಕ್ ಗಾಲ್ಫಿನ ಬಿಲ್ಲೆಯಾದರೋ ಅದಕ್ಕಿಂತ ಚಿಕ್ಕದು, ಗಟ್ಟಿ. 1983ರಲ್ಲಿ ಡೇವ್ ಡುನಿಪೇಸ್ ಎಂಬವರು ಬಿಲ್ಲೆಯ ಅಂಚನ್ನು ಉರುಟಾಗಿ ಬಿಡದೆ ಓರೆಯಾಗಿ ಚೂಪುಗೊಳಿಸಿದರು. ಅಂದಿನಿಂದ ಬಿಲ್ಲೆಗಳು ಗಾಳಿಯನ್ನು ಸೀಳಿಕೊಂಡು ಬಹು ದೂರ ಹೋಗತೊಡಗಿದುವು. ಒಂದೊಂದು ಕೆಲಸಕ್ಕೆ ಒಂದೊಂದು ಜಾತಿಯೂ ಹುಟ್ಟಿಕೊಂಡಿತು. ಬುಟ್ಟಿಯ ಬಳಿ ಮೆಲ್ಲನೆ ಹಾಕುವುದಕ್ಕೆ ಪಟ್ಟರ್, ದೂರಕ್ಕೆ ಬೀಸುವುದಕ್ಕೆ ಡ್ರೈವರ್, ಇವೆರಡರ ನಡುವೆ ಮಿಡ್‌ರೇಂಜ್. ಈ ನಡುವಣದನ್ನು ನಾವು ಇಲ್ಲಿ ಮಧ್ಯಮ ಬಿಲ್ಲೆ ಎಂದು ಕರೆಯುತ್ತೇವೆ.

ಇನ್ನು ಪ್ರಕೃತಕ್ಕೆ ಬರೋಣ. ಬಿಲ್ಲೆ ಎಡಕ್ಕೇಕೆ ತಿರುಗುತ್ತದೆ? ಇದನ್ನು ತಿಳಿಯದೆ ಅಂಗಡಿಗೆ ಹೋದವನು ಬಣ್ಣ ನೋಡಿ ಕೊಳ್ಳುವನೇ ಹೊರತು ಗುಣ ನೋಡಿ ಅಲ್ಲ.

ಹುಡುಗರು ಆಡುವ ಬುಗುರಿಯನ್ನು ನೆನೆಯಿರಿ. ತಿರುಗುವ ಬುಗುರಿ ಸ್ವಲ್ಪ ಓರೆಯಾದರೆ, ಭೂಮಿ ಕೆಳಕ್ಕೆ ಎಳೆಯುತ್ತಿದ್ದರೂ ಅದು ಒಡನೆ ಕೆಳಕ್ಕೆ ಬೀಳುವುದಿಲ್ಲ. ಪಕ್ಕಕ್ಕೆ ಸರಿಯುತ್ತ ತಲೆಯನ್ನು ಸುತ್ತಲೂ ತೂಗುತ್ತದೆ. ಭರದಿಂದ ತಿರುಗುತ್ತಿರುವ ವಸ್ತುವಿನ ಸ್ವಭಾವವೇ ಹೀಗೆ: ಒಂದು ಕಡೆ ಒತ್ತಿದರೆ ಕಾಲು ಸುತ್ತಿನಷ್ಟು ಆಚೆ ಮಣಿಯುವುದು. ಬಿಲ್ಲೆಯೂ ಒಂದು ಹಾರುವ ಬುಗುರಿಯೇ. ಬಲಗೈಯವರು ಎದೆಯ ಮುಂದಿನಿಂದ ಹೊರಕ್ಕೆ ಬೀಸಿ ಎಸೆದಾಗ, ಮೇಲಿನಿಂದ ನೋಡುವವರಿಗೆ ಅದು ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಎಸೆದ ಕೂಡಲೆ, ವೇಗ ಬಹಳವಾಗಿರುವಾಗ, ಗಾಳಿಯು ಬಿಲ್ಲೆಯನ್ನು ಎತ್ತುವ ಬಲ ನಟ್ಟನಡುವಿಗಿಂತ ಸ್ವಲ್ಪ ಹಿಂದೆ ನಿಲ್ಲುತ್ತದೆ. ಅದರಿಂದ ಮುಂದಿನ ಅಂಚು ಕೆಳಕ್ಕೆ ಒತ್ತಿದಂತಾಗಿ, ಬುಗುರಿಯ ನ್ಯಾಯದಂತೆ ಬಿಲ್ಲೆ ಬಲಕ್ಕೆ ವಾಲುತ್ತದೆ. ಇದಕ್ಕೆ ಟರ್ನ್ ಎಂದು ಹೆಸರು. ವೇಗ ಕುಗ್ಗಿ ಬಿಲ್ಲೆ ಇಳಿಯತೊಡಗಿದಾಗ ಗಾಳಿ ಕೆಳಗಿನಿಂದ ತಾಕುತ್ತದೆ. ಎತ್ತುವ ಬಲ ಮುಂದಕ್ಕೆ ಸರಿಯುತ್ತದೆ. ಬಿಲ್ಲೆ ಎಡಕ್ಕೆ ವಾಲುತ್ತ ನೆಲ ಸೇರುತ್ತದೆ. ಇದಕ್ಕೆ ಫೇಡ್ ಎಂದು ಹೆಸರು. ಎಡಗೈಯವರಿಗೆ ಇದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು.

ಮೊದಲು ಬಲಕ್ಕೆ ಸುಲಭವಾಗಿ ವಾಲುವ ಬಿಲ್ಲೆಯೇ ಅಂಡರ್‌ಸ್ಟೇಬಲ್. ಬಲಕ್ಕೆ ವಾಲಲೊಲ್ಲದೆ ಎಡಕ್ಕೇ ಹಟ ಹಿಡಿಯುವುದು ಓವರ್‌ಸ್ಟೇಬಲ್. ಇವನ್ನು ನಾವು ಹೊರಳು ಬಿಲ್ಲೆ, ಮೊಂಡು ಬಿಲ್ಲೆ ಎಂದು ಕರೆದರೆ ವಾಚಕರು ಒಪ್ಪಿಯಾರೆಂದು ನಂಬುತ್ತೇವೆ.

ಈಗ ಬಿಲ್ಲೆಯ ಮೇಲಿನ ಅಂಕೆಗಳ ವಿಚಾರ. ಇನೋವಾ ಕಂಪೆನಿಯು ಬಳಕೆಗೆ ತಂದ ಈ ಕ್ರಮವನ್ನು ಇಂದು ಬಹುಪಾಲು ತಯಾರಕರು ಅನುಸರಿಸುತ್ತಾರೆ. ಮೊದಲನೆಯದು ವೇಗ, ಎರಡನೆಯದು ತೇಲುವ ಗುಣ, ಮೂರನೆಯದು ಟರ್ನ್, ನಾಲ್ಕನೆಯದು ಫೇಡ್. ಮಧ್ಯಮ ಬಿಲ್ಲೆಗಳ ವೇಗದ ಅಂಕೆ ಸಾಮಾನ್ಯವಾಗಿ 4 ಅಥವಾ 5. ಟರ್ನಿನ ಅಂಕೆ ಸೊನ್ನೆಯಿಂದ ಕೆಳಕ್ಕಿಳಿದಷ್ಟೂ, ಎಂದರೆ ಋಣ 1, ಋಣ 2, ಋಣ 3 ಎಂದು ಹೋದಷ್ಟೂ ಬಿಲ್ಲೆಗೆ ಹೊರಳುವ ಗುಣ ಹೆಚ್ಚು. ಫೇಡಿನ ಅಂಕೆ ದೊಡ್ಡದಾದಷ್ಟೂ ಕೊನೆಯಲ್ಲಿ ಎಡಕ್ಕೆ ಮುರಿಯುವುದು ಹೆಚ್ಚು.

ಇಷ್ಟು ತಿಳಿದರೆ ಸಾಕೆಂದು ಬಹು ಮಂದಿ ಭಾವಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ. ಈ ಅಂಕೆಗಳು ಬಿಲ್ಲೆಯೊಂದರ ಗುಣವಲ್ಲ. ಬಿಲ್ಲೆಯೂ ತೋಳೂ ಕೂಡಿದಾಗ ತೋರುವ ಗುಣ. ಬಿಲ್ಲೆಯನ್ನು ಅದಕ್ಕೆ ತಕ್ಕ ವೇಗದಲ್ಲಿ ಎಸೆಯಬಲ್ಲವನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳನ್ನು ಅಚ್ಚುಹಾಕಿರುತ್ತಾರೆ. ವೃತ್ತಿನಿರತರಾದ ಆಟಗಾರರ ಎಸೆತ ಗಂಟೆಗೆ 110 ಕಿಲೋಮೀಟರನ್ನು ಮೀರುವುದುಂಟು. ಆಫೀಸಿನ ಕುರ್ಚಿಯಲ್ಲಿ ವಾರವೆಲ್ಲ ಕುಳಿತು ಭಾನುವಾರ ಒಂದು ದಿನ ತೋಳು ಬೀಸುವ ಗೃಹಸ್ಥರ ಎಸೆತ ಅದರ ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಹೆಚ್ಚು. ಅಂಥ ಎಸೆತದಲ್ಲಿ ಬಿಲ್ಲೆಗೆ ಬಲಕ್ಕೆ ವಾಲುವಷ್ಟು ವೇಗವೇ ಬರುವುದಿಲ್ಲ. ಪ್ರಯಾಣದ ಮೊದಲ ಭಾಗ ಹಾರಿಹೋಗಿ ಕೊನೆಯ ಭಾಗವೊಂದೇ ಉಳಿಯುತ್ತದೆ. ಕೊನೆಯ ಭಾಗವೆಂದರೆ ಎಡಕ್ಕೆ ಮುರಿಯುವುದು. ನಮ್ಮ ಓಲೆಗಾರರ ಬಿಲ್ಲೆಗಳು ಪೊದೆ ಸೇರುವುದರ ರಹಸ್ಯ ಇಷ್ಟೇ. ಮಗನ ಕೈಯಲ್ಲಿ ನೆಟ್ಟಗೆ ಹೋಗುವ ಬಿಲ್ಲೆ ತಾಯಿಯ ಕೈಯಲ್ಲಿ ಮೊಂಡು ಬಿಲ್ಲೆಯಾಗುತ್ತದೆ. ಋಣ 3 ಎಂದು ಅಚ್ಚಾದ ಬಿಲ್ಲೆ, ಮಗನ ಕೈಯಲ್ಲಿ ಬಲಗಡೆಯ ಬೇಲಿಯನ್ನು ಹುಡುಕಿಕೊಂಡು ಹೋಗುವುದು, ತಾಯಿಯ ಕೈಯಲ್ಲಿ ನೂಲು ಹಿಡಿದಂತೆ ನೇರವಾಗಿ ಹೋಗುತ್ತದೆ.

ಬಿಲ್ಲೆಗಳ ಅಳತೆ, ತೂಕಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸಂಸ್ಥೆಯೊಂದುಂಟು. 1976ರಲ್ಲಿ ಸ್ಥಾಪಿತವಾದ ಪಿ.ಡಿ.ಜಿ.ಎ. ಎಂಬುದು. ಆದರೆ ಹಾರಾಟದ ಅಂಕೆಗಳನ್ನು ಕೊಡುವ ಕೆಲಸ ಅದರದಲ್ಲ. ಅವು ತಯಾರಕರು ತಾವೇ ಕೊಟ್ಟುಕೊಂಡವು. ಆದಕಾರಣ ಒಂದು ಕಂಪೆನಿಯ ಋಣ 2 ಇನ್ನೊಂದರ ಋಣ 3ಕ್ಕೆ ಸಮನಾಗಿದ್ದರೆ ಯಾರನ್ನೂ ದೂರಬೇಕಾದುದಿಲ್ಲ. ಅಕ್ಕಸಾಲಿಯ ತಕ್ಕಡಿಯೆಂದು ತಿಳಿಯದೆ, ದಾರಿ ತೋರಿಸುವ ಕೈಮರವೆಂದು ತಿಳಿದರೆ ಆಯಿತು.

ದೂರ ಹೋಗಬೇಕಾದರೆ ಡ್ರೈವರನ್ನೇ ಕೊಳ್ಳಬಾರದೇ ಎಂಬ ಶಂಕೆ ಬರಬಹುದು. ಅಂಗಡಿಯಲ್ಲಿ ಹೊಸಬರ ಕಣ್ಣು ಮೊದಲು ಹೋಗುವುದೂ ಅದರ ಮೇಲೆಯೇ. ಬೇಡವೆಂದು ನಾವು ಖಂಡಿತವಾಗಿ ಹೇಳುತ್ತೇವೆ. ಡ್ರೈವರಿನ ಅಂಚು ಅಗಲ, ಹಿಡಿಯುವುದು ಕಷ್ಟ. ಅದು ಬಯಸುವ ವೇಗವನ್ನು ಕೊಡದಿದ್ದರೆ ಮಧ್ಯಮ ಬಿಲ್ಲೆಯಷ್ಟು ದೂರವೂ ಹೋಗದೆ ಎಡಕ್ಕೆ ಕುಸಿಯುತ್ತದೆ. ಮಧ್ಯಮ ಬಿಲ್ಲೆಯ ಅಂಚು ಒಂದೂಕಾಲು ಸೆಂಟಿಮೀಟರಿನ ಆಸುಪಾಸಿನದು. ಸಣ್ಣ ಕೈಗೂ ಒಗ್ಗುತ್ತದೆ. ಅದು ಕಡಮೆ ವೇಗದಲ್ಲಿಯೇ ತನ್ನ ಪೂರ್ಣ ಪ್ರಯಾಣವನ್ನು ತೋರಿಸುತ್ತದೆ. ಇನ್ನೂರು ಅಡಿ ನೇರವಾಗಿ ಹೋದ ಬಿಲ್ಲೆಯ ಹಿಂದೆ ನಡೆದುಹೋಗುವ ಸುಖವೇ ಬೇರೆ, ಇನ್ನೂರ ಇಪ್ಪತ್ತು ಅಡಿ ಹೋಗಿ ಮುಳ್ಳುಕಂಟಿಯಲ್ಲಿ ಅಡಗಿದ ಬಿಲ್ಲೆಯನ್ನು ಹುಡುಕುವ ಸುಖವೇ ಬೇರೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಅಗತ್ಯ. ಎಡಕ್ಕೆ ಮುರಿಯುವುದೆಲ್ಲ ಬಿಲ್ಲೆಯ ದೋಷವಲ್ಲ. ಹೊಸಬರಲ್ಲಿ ಅನೇಕರು ಎಸೆಯುವಾಗ ಬಿಲ್ಲೆಯ ಮುಂದಿನ ಅಂಚನ್ನು ಆಕಾಶಕ್ಕೆ ಎತ್ತಿಬಿಡುತ್ತಾರೆ. ಹಾಗೆ ಎಸೆದ ಬಿಲ್ಲೆ ಮೇಲಕ್ಕೇರಿ, ಗಾಳಿಯಲ್ಲಿ ತಡೆದು ನಿಂತು, ಎಡಕ್ಕೆ ಜಾರುತ್ತದೆ. ಇದಕ್ಕೆ ಯಾವ ಅಂಗಡಿಯಲ್ಲಿಯೂ ಮದ್ದಿಲ್ಲ. ಹೊರಳು ಬಿಲ್ಲೆಯನ್ನು ಕೊಟ್ಟರೂ ಅದು ಸ್ವಲ್ಪ ತಡವಾಗಿ ಜಾರೀತು, ಅಷ್ಟೇ. ಆದುದರಿಂದ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿಸಿರಿ. ಬಿಲ್ಲೆ ತಲೆಯೆತ್ತರಕ್ಕಿಂತ ಬಹಳ ಮೇಲೇರಿ ಎಡಕ್ಕೆ ಬೀಳುತ್ತಿದ್ದರೆ ಮಣಿಕಟ್ಟನ್ನು ತಿದ್ದಿಕೊಳ್ಳತಕ್ಕದ್ದು: ಬಿಲ್ಲೆಯ ತುದಿ ತೋಳಿನ ಗೆರೆಯಲ್ಲಿಯೇ ಇರಲಿ, ಅಂಗೈ ಮೇಲ್ಮೊಗವಾಗದಿರಲಿ. ತಗ್ಗಿನಲ್ಲಿ, ಸಮನಾಗಿ ಹೊರಟು, ಆಮೇಲೂ ಎಡಕ್ಕೆ ಮುರಿಯುತ್ತಿದ್ದರೆ ಮಾತ್ರ ಬಿಲ್ಲೆಯನ್ನು ಬದಲಾಯಿಸುವುದರಲ್ಲಿ ಅರ್ಥವುಂಟು.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಕೆಲವರ ಬಿಲ್ಲೆ ಕೈ ಬಿಡುವಾಗಲೇ ತತ್ತರಿಸುತ್ತ ಹೊರಟು ಬಲಕ್ಕೆ ಹೊರಳಿ ನೆಲಕ್ಕೆ ತಾಕುತ್ತದೆ. ಅವರು ತಮ್ಮ ತೋಳಿನ ಬಲ ಹೆಚ್ಚಾಯಿತೆಂದು ಬೀಗಿ ಮೊಂಡು ಬಿಲ್ಲೆಯನ್ನು ಕೊಳ್ಳಲು ಓಡುತ್ತಾರೆ! ಬಲ ಹೆಚ್ಚಾದುದಲ್ಲ, ಮಣಿಕಟ್ಟು ಹೊರಳಿದ್ದು. ಹೊರಳು ಬಿಲ್ಲೆಯ ಒಂದು ದೊಡ್ಡ ಉಪಕಾರವೆಂದರೆ ಅದು ಇಂಥ ದೋಷವನ್ನು ಮುಚ್ಚಿಡುವುದಿಲ್ಲ. ಮೊಂಡು ಬಿಲ್ಲೆ ಎಲ್ಲ ತಪ್ಪುಗಳನ್ನೂ ಎಡಕ್ಕೆ ಎಳೆದು ಒಂದೇ ಮಾಡಿಬಿಡುತ್ತದೆ; ಹೊರಳು ಬಿಲ್ಲೆ ಚಾಡಿ ಹೇಳುವ ಮಗುವಿನಂತೆ, ಕೈ ಏನು ಮಾಡಿತೆಂಬುದನ್ನು ಕೂಡಲೆ ಎಲ್ಲರೆದುರಿಗೆ ಹೇಳಿಬಿಡುತ್ತದೆ.

ಹೆಸರು ಹೇಳಿರೆಂದು ಕೇಳಿದ್ದಾರೆ. ಹೇಳುತ್ತೇವೆ, ಇದು ಜಾಹೀರಾತಲ್ಲವೆಂದು ವಾಚಕರು ತಿಳಿದುಕೊಳ್ಳಬೇಕು. ಡಿಸ್ಕ್ರಾಫ್ಟ್ ಕಂಪೆನಿಯ ಬಜ್ ಎಂಬುದು ಅತ್ಯಂತ ಹೆಸರಾದ ಮಧ್ಯಮ ಬಿಲ್ಲೆ. ಅದರ ಅಂಕೆಗಳು 5, 4, ಋಣ 1, 1. ಮಗನಂಥ ತೋಳಿಗೆ ಅದು ನೇರ. ತಾಯಿತಂದೆಯರಿಗೆ ಅದಕ್ಕಿಂತ ಮೆತ್ತನೆಯದು ಬೇಕು. ಇನೋವಾದ ಪ್ಯಾಂಥರ್ 5, 4, ಋಣ 2, 1. ಡೈನಮಿಕ್ ಡಿಸ್ಕ್ಸ್ ಕಂಪೆನಿಯ ವಾರಂಟ್ 5, 5, ಋಣ 2, 0. ಕೊನೆಯಲ್ಲಿ ಎಡಕ್ಕೆ ಮುರಿಯುವುದು ತೀರ ಕಡಮೆಯಾದುದರಿಂದ ವಾರಂಟು ಸಾಧಾರಣ ತೋಳಿನ ಗೃಹಸ್ಥರಿಗೆ ಹಿತವಾಗಿ ಒದಗೀತು. ಇನ್ನೂ ಮೆತ್ತನೆಯವೆಂದರೆ ಇನೋವಾದ ಸ್ಟಿಂಗ್‌ರೇ, 4, 5, ಋಣ 3, 1. ಮತ್ತು ಫಿನ್‌ಲೆಂಡಿನ ವೆಸ್ಟ್‌ಸೈಡ್‌ನವರ ತುರ್ಸಾಸ್, 5, 5, ಋಣ 3, 1. ತುರ್ಸಾಸ್ ಎಂದರೆ ಆ ದೇಶದ ಪುರಾಣದ ಒಂದು ಕಡಲ ರಾಕ್ಷಸನಂತೆ. ಹೆಸರು ರಾಕ್ಷಸನದಾದರೂ ನಡತೆ ಬಹಳ ಸೌಮ್ಯ. ಮನೆಯಾಕೆಗೆ ನಾವು ಮೊದಲು ಹೇಳುವುದು ಇವೆರಡರಲ್ಲಿ ಒಂದನ್ನು. ಇನೋವಾದ ವುಲ್ಫ್ ಎಂಬುದಕ್ಕೆ ಋಣ 4ರ ಟರ್ನ್ ಉಂಟು. ಅದು ಚಿಕ್ಕ ಮಕ್ಕಳಿಗೂ ನೆಲದ ಮೇಲೆ ಉರುಳಿಸುವ ಎಸೆತಗಳಿಗೂ ಸರಿ. ಬೆಳೆದವರು ಅದರಿಂದ ಪ್ರಾರಂಭಿಸಿದರೆ ಬೇಗನೆ ಸಾಕಾಗುತ್ತದೆ.

ಒಂದೇ ಅಚ್ಚಿನ ಬಿಲ್ಲೆ ನಾನಾ ಬಗೆಯ ಪ್ಲಾಸ್ಟಿಕಿನಲ್ಲಿ ದೊರೆಯುತ್ತದೆ. ಆಯ್ಕೆಯಲ್ಲಿ ಜನ ಎಡವುವುದು ಇಲ್ಲಿಯೂ ಉಂಟು. ಕಡಮೆ ಬೆಲೆಯದು ಸುಮಾರು ಹತ್ತು ಡಾಲರು. ಕೈಗೆ ಚೆನ್ನಾಗಿ ಹಿಡಿತ ಕೊಡುತ್ತದೆ, ಆದರೆ ಮರಕ್ಕೆ ನಾಲ್ಕು ಬಾರಿ ಬಡಿದರೆ ಅಂಚು ಸವೆಯುತ್ತದೆ. ಹೆಚ್ಚಿನ ಬೆಲೆಯದು ಹದಿನೆಂಟಿಪ್ಪತ್ತು ಡಾಲರು. ಬಹುಕಾಲ ಹಾಗೆಯೇ ಉಳಿಯುತ್ತದೆ. ಹಾಗಾದರೆ ಬೆಲೆ ಬಾಳುವುದೇ ಮೇಲೆಂದು ತೋರಬಹುದು. ಪ್ರಕೃತ ಉದ್ದೇಶಕ್ಕೆ ನಮ್ಮ ಮತ ಅದಲ್ಲ. ಬಿಲ್ಲೆ ಸವೆದಷ್ಟೂ ಹೊರಳುವ ಗುಣ ಹೆಚ್ಚುತ್ತದೆ. ಬಲ ಸಾಲದ ತೋಳಿಗೆ ಬೇಕಾದುದೂ ಅದೇ. ಹೊಸ ಪಾದರಕ್ಷೆ ನಾಲ್ಕು ದಿನಕ್ಕೆ ಕಾಲಿಗೆ ಒಗ್ಗುವಂತೆ ಅಗ್ಗದ ಬಿಲ್ಲೆ ಒಂದೆರಡು ತಿಂಗಳಲ್ಲಿ ಕೈಗೆ ಒಗ್ಗುತ್ತದೆ. ಮೇಲ್ದರ್ಜೆಯ ಪ್ಲಾಸ್ಟಿಕಿನಲ್ಲಿ ಅದೇ ಅಚ್ಚು ಸಾಮಾನ್ಯವಾಗಿ ಸ್ವಲ್ಪ ಮೊಂಡಾಗಿಯೇ ಇರುವುದನ್ನೂ ಮರೆಯಬಾರದು. ಆದಕಾರಣ ಮೊದಲನೆಯ ಹೊರಳು ಬಿಲ್ಲೆ ಅಗ್ಗದ್ದೇ ಇರಲಿ. ಉಳಿದ ಎಂಟು ಡಾಲರಿಗೆ ಮಕ್ಕಳಿಗೆ ಏನಾದರೂ ಕೊಡಿಸಬಹುದು. ಬೇಗ ಹೊರಳಲೆಂದು ಮನೆಯಲ್ಲಿ ಅರ ಹಿಡಿದು ಅಂಚನ್ನು ಉಜ್ಜುವ ಸಾಹಸ ಮಾತ್ರ ಬೇಡ. ಅಚ್ಚಿನಲ್ಲಿ ಉಳಿದ ಸಣ್ಣ ಮುಳ್ಳನ್ನು ತೆಗೆಯಬಹುದೇ ಹೊರತು ಹಾರಾಟ ಬದಲಾಗುವಂತೆ ಬಿಲ್ಲೆಯನ್ನು ತಿದ್ದುವುದು ಪಂದ್ಯಗಳಲ್ಲಿ ನಿಷಿದ್ಧ.

ತೂಕದ ಮಾತು. ನಿಯಮದಂತೆ ಅಡ್ಡಳತೆಯ ಸೆಂಟಿಮೀಟರೊಂದಕ್ಕೆ 8.3 ಗ್ರಾಂ ಮೀರಕೂಡದು, 21.7 ಸೆಂಟಿಮೀಟರಿನ ಮಧ್ಯಮ ಬಿಲ್ಲೆಗೆ ಇದು 180 ಗ್ರಾಂ ಆಗುತ್ತದೆ. ಅಂಗಡಿಯವರು ಸಾಮಾನ್ಯವಾಗಿ ಈ ಮಿತಿಯ ಹತ್ತಿರದ್ದನ್ನೇ ಎತ್ತಿಕೊಡುತ್ತಾರೆ. ಬಲವುಳ್ಳವರಿಗೆ ಅದು ಗಾಳಿಯಲ್ಲಿ ಅಲುಗದೆ ನಿಲ್ಲುತ್ತದೆ, ನಿಜ. ಆದರೆ ಹಗುರವಾದ ಬಿಲ್ಲೆಗೆ ಅದೇ ತೋಳು ಹೆಚ್ಚು ವೇಗವನ್ನು ಕೊಡಬಲ್ಲುದು. ಹಗುರವಾದುದು ಹೊರಳುವುದೂ ಸುಲಭ. ಬಿಲ್ಲೆಯ ಹಿಂಬದಿಯಲ್ಲಿ ಅದರ ತೂಕವನ್ನು ಬರೆದಿರುತ್ತಾರೆ. ತಾಯಿಗೆ 160ರಿಂದ 168 ಗ್ರಾಮಿನೊಳಗಿನದನ್ನೂ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ 150ರ ಆಸುಪಾಸಿನದನ್ನೂ ಕೇಳಿ ಪಡೆಯಿರಿ. ಇಲ್ಲವೆಂದರೆ ಇನ್ನೊಂದು ಅಂಗಡಿ, ಸಂಕೋಚವೇಕೆ?

ಕೈಗೆ ಹಿಡಿದು ನೋಡದೆ ಕೊಳ್ಳಬೇಡಿರಿ. ಕೆಲವು ಬಿಲ್ಲೆಗಳ ಕೆಳಗಿನ ಅಂಚಿನಲ್ಲಿ ಮಣಿಯಂಥ ಉಬ್ಬೊಂದಿರುತ್ತದೆ. ಕೆಲವರ ಬೆರಳಿಗೆ ಅದು ಒತ್ತುತ್ತದೆ, ಅಲ್ಲದೆ ಅದು ಬಿಲ್ಲೆಯನ್ನು ಸ್ವಲ್ಪ ಮೊಂಡುಮಾಡುವುದೂ ಉಂಟು. ಬಿಲ್ಲೆಯ ಬೆನ್ನು ಉಬ್ಬಿದ್ದರೆ ಹೆಚ್ಚು ತೇಲುತ್ತದೆ. ಚಪ್ಪಟೆಯಾಗಿದ್ದರೆ ಬೇಗ ಇಳಿಯುತ್ತದೆ. ಒಂದೇ ಹೆಸರಿನ ಎರಡು ಬಿಲ್ಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಅಂಚಿನ ಚೂಪು ಒಂದರಲ್ಲಿ ತುಸು ಮೇಲೆ, ಒಂದರಲ್ಲಿ ತುಸು ಕೆಳಗೆ ಇರುವುದು ಕಂಡೀತು. ನಮಗೆ ಬೇಕಾದುದು ಕೆಳಗಿರುವುದು; ಅದಕ್ಕೆ ಹೊರಳುವ ಗುಣ ಹೆಚ್ಚು. ಬದನೆಕಾಯಿಯನ್ನು ಒಂದೊಂದಾಗಿ ತಿರುಗಿಸಿ ನೋಡಿ ಆರಿಸುವ ಗೃಹಿಣಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ.

ತಂದ ಬಿಲ್ಲೆಯನ್ನು ನೇರವಾಗಿ ಪಂದ್ಯಕ್ಕೆ ಒಯ್ಯದೆ, ಗಾಳಿಯಿಲ್ಲದ ಬೆಳಗ್ಗೆ ಬರಿಯ ಬಯಲಿಗೆ ಒಯ್ಯಿರಿ. ದೂರದ ಮರವೊಂದನ್ನು ಗುರಿಮಾಡಿ, ಮುಕ್ಕಾಲು ಬಲದಲ್ಲಿ, ಭುಜದ ಮಟ್ಟಕ್ಕೆ ಮೀರದಂತೆ ಹತ್ತು ಬಾರಿ ಎಸೆಯಿರಿ. ಬಿದ್ದ ಸ್ಥಳಗಳನ್ನು ನೋಡಿ. ಬಹುಪಾಲು ಎಸೆತಗಳು ನೇರ ಹೋಗಿ ಕೊನೆಯಲ್ಲಿ ತುಸು ಎಡಕ್ಕೆ ಬಾಗಿದರೆ ಬಿಲ್ಲೆ ನಿಮಗೆ ತಕ್ಕುದು. ಹತ್ತೂ ಎಡಕ್ಕೆ ಹೋದರೆ ಇನ್ನೂ ಮೆತ್ತನೆಯದು ಬೇಕು. ತತ್ತರಿಸದೆ ಹೊರಟೂ ಬಲಕ್ಕೆ ಹೊರಳಿ ಹಿಂದಿರುಗದಿದ್ದರೆ ತೋಳು ಬಿಲ್ಲೆಯನ್ನು ಮೀರಿದೆಯೆಂದು ಅರ್ಥ. ಒಂದು ಎಸೆತದಿಂದ ಏನನ್ನೂ ನಿಶ್ಚಯಿಸಬಾರದು. ಗಾಳಿ ಇರುವ ದಿನವಂತೂ ಈ ಪರೀಕ್ಷೆ ವ್ಯರ್ಥ: ಎದುರುಗಾಳಿಯಲ್ಲಿ ಬಿಲ್ಲೆಗೆ ಗಾಳಿಯ ವೇಗವೂ ಸೇರಿ ಸೌಮ್ಯವಾದುದೂ ಹುಚ್ಚಾಗಿ ಹೊರಳುತ್ತದೆ, ಹಿಂಗಾಳಿಯಲ್ಲಿ ಹೊರಳುವುದೂ ಹೊರಳದೆ ಬೇಗ ಎಡಕ್ಕೆ ಇಳಿಯುತ್ತದೆ. ಎದುರುಗಾಳಿ ಬಲವಾಗಿದ್ದಾಗ ಹೊರಳು ಬಿಲ್ಲೆಯನ್ನು ಚೀಲದಲ್ಲಿಯೇ ಬಿಟ್ಟು ಅದಕ್ಕಿಂತ ಗಟ್ಟಿಯಾದುದನ್ನು ತೆಗೆಯುವುದು ಜಾಣತನ.

ತೋಳು ಬಿಲ್ಲೆಯನ್ನು ಮೀರಿದ ಮೇಲೆ ಅದನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದೇನೂ ಇಲ್ಲ. ನಿಜವಾದ ವಿನೋದ ಆಗ ಮೊದಲಾಗುತ್ತದೆ. ಎಸೆಯುವಾಗ ಬಿಲ್ಲೆಯ ಹೊರಗಿನ ಅಂಚನ್ನು, ಎಂದರೆ ಮೈಯಿಂದ ದೂರದ ಅಂಚನ್ನು, ಸ್ವಲ್ಪ ಕೆಳಕ್ಕೆ ವಾಲಿಸಿ ಬಿಟ್ಟರೆ, ಅದು ಓರೆಯಾಗಿ ಹೊರಟು, ಹಾರುತ್ತ ಹಾರುತ್ತ ತಾನಾಗಿ ನೆಟ್ಟಗಾಗಿ, ಬಹು ದೂರ ನೇರವಾಗಿ ತೇಲಿಹೋಗುತ್ತದೆ. ಆಟಗಾರರು ಇದನ್ನು ಹೈಜರ್ ಫ್ಲಿಪ್ ಎನ್ನುತ್ತಾರೆ. ಎರಡು ಸಾಲು ಮರಗಳ ನಡುವೆ ಕಿರಿದಾದ ಹಾದಿಯಿರುವೆಡೆ ಇದಕ್ಕಿಂತ ಉಪಕಾರಿಯಾದ ಎಸೆತ ಇನ್ನೊಂದಿಲ್ಲ; ಮೊಂಡು ಬಿಲ್ಲೆಗೆ ಇದು ಸಾಧ್ಯವೇ ಇಲ್ಲ. ಬಲಕ್ಕೆ ತಿರುಗುವ ಹಾದಿಯಲ್ಲಿ ಬಿಲ್ಲೆಯನ್ನು ಸಮನಾಗಿ ಬಿಟ್ಟು, ಅದು ಬಳಸಿಕೊಂಡು ಹೋಗುವುದನ್ನು ನಿಂತು ನೋಡಬಹುದು. ಹೊರಳು ಬಿಲ್ಲೆ ಹೊಸಬರ ಬಿಲ್ಲೆ ಎಂದು ಹಗುರವಾಗಿ ಮಾತನಾಡುವ ತರುಣರು ಉಂಟು. ಪಳಗಿದ ಆಟಗಾರರ ಚೀಲದಲ್ಲಿಯೂ ಸವೆದು ಮೆತ್ತಗಾದ ಮಧ್ಯಮ ಬಿಲ್ಲೆಯೊಂದು ಇದ್ದೇ ಇರುತ್ತದೆಂಬುದನ್ನು ಅವರು ನೋಡಿಲ್ಲವೆಂದು ತೋರುತ್ತದೆ.

ಓಲೆಗಾರರ ಮಗನಿಗೂ ಒಂದು ಮಾತು. ತಾನು ಎಸೆದು ಎಸೆದು ಅಂಚು ಸವೆದ ಹಳೆಯ ಬಜ್ ಒಂದು ಆತನ ಚೀಲದ ತಳದಲ್ಲಿದ್ದರೆ, ತಂದೆಗೆ ಹೊಸದನ್ನು ಕೊಳ್ಳುವ ಮೊದಲು ಅದನ್ನು ಕೊಟ್ಟು ನೋಡಲಿ. ತಾಯಿಗೆ ಮಾತ್ರ ಹಳೆಯದು ಬೇಡ. ಹೊಸದು, ಹಗುರವಾದುದು, ಆಕೆ ತಾನೇ ಅಂಗಡಿಗೆ ಹೋಗಿ ಹಿಡಿದು ನೋಡಿ ತಂದುದು ಇರಲಿ. ಬಣ್ಣವನ್ನೂ ಆಕೆಯೇ ಆರಿಸಲಿ, ಹಸಿರೊಂದನ್ನು ಬಿಟ್ಟು. ಹುಲ್ಲಿನಲ್ಲಿ ಹಸಿರು ಬಿಲ್ಲೆಯನ್ನು ಹುಡುಕುವಷ್ಟರಲ್ಲಿ ಬುತ್ತಿ ತಣ್ಣಗಾಗುತ್ತದೆ. ಹಿಂಬದಿಯಲ್ಲಿ ಅಳಿಸದ ಶಾಯಿಯಿಂದ ಹೆಸರನ್ನೂ ಟೆಲಿಫೋನಿನ ಸಂಖ್ಯೆಯನ್ನೂ ಬರೆದಿಡುವುದು ಆ ಆಟದವರಲ್ಲಿ ವಾಡಿಕೆ. ಸಿಕ್ಕಿದವರು ಕರೆದು ಹಿಂದಿರುಗಿಸುವುದೂ ವಾಡಿಕೆಯೇ.